ಆರಾಮ ಇರುವ ಮಕ್ಕಳ ಊರಿಗೆ

ಹುಬ್ಬಳ್ಳಿಯಲ್ಲಿ ನರಗುಂದದ ಬಸ್ಸು ಹತ್ತುವಾಗ ಮೊದಲ ಮೆಟ್ಟಿಲಿನಲ್ಲೇ ನನ್ನ ಬಲ ಮೊಣಕಾಲು ಕೈಕೊಟ್ಟಿತು. ಹಿಂದೆ ನಿಂತಿದ್ದ ಹೆಂಗಸು ಸೊಂಟಕ್ಕೆ ಕೈ ಹಚ್ಚಿ ನೂಕಿದ್ದರಿಂದ ಹೇಗೋ ಒಳಗೆ ಬಂದು ಬಿದ್ದೆ. ಕಾರ್ತಿಕ ಮಾಸದ ಒಂದು ಗುರುವಾರ, ಮುಂಜಾನೆಯ ಹೊತ್ತು. ಆಕಾಶದ ತುಂಬ ಮೋಡ, ಮಳೆ ಮಾತ್ರ ಬರಲೊಲ್ಲದು. ಹೆಂಗಸರಿಗೆ ಪುಕ್ಕಟೆ ಪ್ರಯಾಣವಾದ್ದರಿಂದ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಕೊಡುವ ಮೊದಲು ನನ್ನ ಆಧಾರ್ ಕಾರ್ಡಿನ ಫೋಟೋ ನೋಡಿ, ನನ್ನ ಮುಖ ನೋಡಿ, ಇಬ್ಬರೂ ಒಬ್ಬಳೇ ಎಂದು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡ.

ಕಿಟಕಿಯ ಪಕ್ಕ ಕುಳಿತಿದ್ದವರು ನಮ್ಮ ಓಣಿಯಲ್ಲಿ ಹಿಂದೆ ಬಾಡಿಗೆಗಿದ್ದ ಹೆಣ್ಣುಮಗಳು. ಸರಿದು ಜಾಗ ಕೊಟ್ಟರು.

"ಭಾಳ ದಿನಕ್ಕ ಕಂಡ್ರಿ. ಆರಾಮ?"

"ಆರಾಮರಿ," ಅಂದೆ, ಮೊಣಕಾಲು ತಿಕ್ಕಿಕೊಳ್ಳುತ್ತ. ನವಲಗುಂದ ಬರುವವರೆಗೆ ಮೊಣಕಾಲು ತಿಕ್ಕುವುದು ನಿಲ್ಲಲಿಲ್ಲ. ನಡುವೆ ಅವರು ಮತ್ತೊಮ್ಮೆ ಕೇಳಿದರು, ನಾನು ಮತ್ತೊಮ್ಮೆ ಅದನ್ನೇ ಹೇಳಿದೆ.

ನಾನು ಹೊರಟದ್ದು ಕೆಲಸದ ಮೇಲೆ. ನಮ್ಮ ಸಂಸ್ಥೆ ಶಾಲೆಗಳ ಬಗ್ಗೆ ಸಂಶೋಧನೆ ಮಾಡುತ್ತದೆ. ಮಕ್ಕಳ ಮನಸ್ಸು ಹೇಗಿದೆ, ಅದಕ್ಕೂ ಅವರ ಅಂಕಗಳಿಗೂ ಏನು ನಂಟು ಎಂಬುದು ಈ ಸಲದ ವಿಷಯ. ನರಗುಂದ, ರೋಣ, ಗಜೇಂದ್ರಗಡದ ಕಡೆಯ ಕೆಲವು ಹೈಸ್ಕೂಲುಗಳಲ್ಲಿ ನಮ್ಮವರು ಪ್ರಶ್ನೆ ಕೇಳಿ ಬಂದಿದ್ದರು. ಉತ್ತರ ನೋಡಿದರೆ ಇಷ್ಟು ಸುಖದ ಮಕ್ಕಳು ಬೇರೆಲ್ಲೂ ಇರಲಿಕ್ಕಿಲ್ಲ ಅನ್ನಬೇಕು. ಅಂಕ ನೋಡಿದರೆ ಅದೇ ಮಕ್ಕಳು ಪರೀಕ್ಷೆಯಿಂದ ಪರೀಕ್ಷೆಗೆ ಕೆಳಗೆ ಜಾರುತ್ತಿದ್ದರು. ಬೆಂಗಳೂರಿನಲ್ಲಿರುವ ನಮ್ಮ ನಿರ್ದೇಶಕರಿಗೆ ಇದರಲ್ಲಿ ಗೊಂದಲವೇನೂ ಕಾಣಲಿಲ್ಲ. "ಮನಸ್ಸು ಚೆನ್ನಾಗಿದೆ, ಕಲಿಕೆ ಚೆನ್ನಾಗಿಲ್ಲ. ಅಂದ್ರೆ ಅಲ್ಲಿ ಬೇಕಾಗಿರೋದು ಪಾಠ, ಸಮಾಧಾನ ಹೇಳೋರಲ್ಲ," ಅಂದರು.

ಸಮಾಧಾನ ಹೇಳುವವಳು ಅಂದದ್ದು ಅನ್ನಪೂರ್ಣಾಳಿಗೆ. ರೋಣದಲ್ಲಿ ಮನೆ ಮಾಡಿಕೊಂಡಿರುವ ಆಪ್ತ ಸಲಹೆಗಾರ್ತಿ. ಆ ಶಾಲೆಗಳಿಗೆ ವಾರಕ್ಕೊಮ್ಮೆ ಹೋಗಿ ಮಕ್ಕಳ ಜೊತೆ ಕುಳಿತು ಮಾತಾಡಲು ನಾವೇ ನೇಮಿಸಿದ್ದೆವು. ಈಗ ಅವಳನ್ನು ಬೇರೆ ಜಿಲ್ಲೆಗೆ ಕಳಿಸಬೇಕೋ ಇಲ್ಲೇ ಉಳಿಸಬೇಕೋ ಎಂಬುದು ಶನಿವಾರ ತೀರ್ಮಾನವಾಗಬೇಕಿತ್ತು. ಅದಕ್ಕೆ ಮೊದಲು ಒಮ್ಮೆ ನೋಡಿಕೊಂಡು ಬಂದು ಹೇಳಿ ಎಂದು ನನ್ನನ್ನು ಕಳಿಸಿದ್ದರು. ಊರುಗಳನ್ನೂ ಮಕ್ಕಳನ್ನೂ ಗುರುತು ಸಿಗದ ಹಾಗೆ ಬರೆಯುವುದು ನಮ್ಮ ಕೆಲಸದ ಕಟ್ಟಳೆ. ಇಲ್ಲಿಯೂ ಹೆಸರುಗಳನ್ನು ಬದಲಿಸಿದ್ದೇನೆ.

ನರಗುಂದದಲ್ಲಿ ಇಳಿದಾಗ ಗುಡ್ಡದ ತಲೆ ಮೋಡದೊಳಗಿತ್ತು. ಹುಬ್ಬಳ್ಳಿಯಿಂದ ಐವತ್ತೈದು ಕಿಲೋಮೀಟರ್ ಇದ್ದೀತು, ನನ್ನ ಸೊಂಟದ ಲೆಕ್ಕದಲ್ಲಿ ಅದರ ಎರಡರಷ್ಟು. ಬಸ್ ನಿಲ್ದಾಣದ ಎದುರು ಚಹಾ ಕುಡಿದು, ಬಿಸಿ ಮಿರ್ಚಿ ಭಜಿ ತಿಂದು, ಆಟೋ ಹಿಡಿದು ಶಾಲೆಗೆ ಹೋದೆ. ಮುಖ್ಯ ಗುರುಗಳು ಒಳ್ಳೆಯವರು. ಖುರ್ಚಿ ತರಿಸಿ, ಅದರ ಮೇಲೊಂದು ಟವೆಲ್ ಹಾಸಿಸಿ, ಒಂಬತ್ತನೆಯ ತರಗತಿಗೆ ಕರೆದೊಯ್ದರು.

ನಾನು ನಮ್ಮ ಪ್ರಶ್ನೆಯನ್ನೇ ಕೇಳಿದೆ. "ಹೋದ ತಿಂಗಳು ಪೂರಾ ಆರಾಮ ಇದ್ದಿರೇನು?"

"ಆರಾಮ ಅದೀವ್ರೀ," ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು.

ಕೊನೆಯ ಸಾಲಿನ ಒಬ್ಬ ಹುಡುಗ ಮಾತ್ರ ಎದ್ದು ನಿಂತ. "ನಾ ಆರಾಮ ಇದ್ದಿದ್ದಿಲ್ರಿ ಅಕ್ಕೋರ."

ನನ್ನ ಕಿವಿ ನೆಟ್ಟಗಾಯಿತು. "ಯಾಕಪಾ, ಏನಾಗಿತ್ತು?"

"ನೆಗಡಿ ಬಂದಿತ್ರಿ. ಜ್ವರಾನೂ ಬಂದಿತ್ತು. ಸೂಜಿ ಮಾಡಿಸಿಕೊಂಡ ಬಂದೆ, ಈಗ ಆರಾಮ."

ತರಗತಿ ನಕ್ಕಿತು, ನಾನೂ ನಕ್ಕೆ. ಮುಖ್ಯ ಗುರುಗಳು, "ನಮ್ಮ ಹುಡುಗರು ಭಾಳ ಗಟ್ಟಿ ಅದಾರ್ರಿ, ಮೇಡಮ್," ಅಂದರು. ಉತ್ತರ ನನ್ನ ಕೈಗೆ ಬಂದು ಬಿದ್ದಿತ್ತು, ನಾನು ಅದನ್ನು ನಗೆಚಾಟಿಕೆಯೆಂದು ಅಲ್ಲೇ ಬಿಟ್ಟುಬಂದೆ. ಹೊರಗೆ ಬರುವಾಗ ನಡುನಡುವೆ ಬೆಂಚುಗಳು ಖಾಲಿ ಇದ್ದದ್ದನ್ನು ಕಂಡು ಕೇಳಿದೆ. ಹೊಲದಲ್ಲಿ ಉಳ್ಳಾಗಡ್ಡಿ ಕೀಳುವ ದಿನಗಳು, ದೊಡ್ಡವರ ಜೊತೆ ಹೋಗಿರುತ್ತಾರೆ ಅಂದರು.

ಸಂಜೆ ರೋಣದ ಬಸ್ಸಿನಲ್ಲಿ ನಿಂತೇ ಹೋದೆ. ಎರಡೂ ಕಡೆ ಎರಿ ಭೂಮಿಯ ಕಪ್ಪು ಮಣ್ಣು, ಕಡಲೆಯ ಹೊಲ. ಮೋಡ ಹೀಗೇ ನಿಂತರೆ ಕಡಲೆಗೆ ಕೀಡೆ ಬೀಳುತ್ತದೆಂದು ಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ರೋಣದ ವಸತಿಗೃಹದಲ್ಲಿ ಕೋಣೆ ಚಿಕ್ಕದು, ಸೊಳ್ಳೆ ದೊಡ್ಡದು. ಖಾನಾವಳಿಯ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾತ್ರ ಚೆನ್ನಾಗಿದ್ದವು. ನಾಳೆ ನೋಡುವುದೇನೂ ಉಳಿದಿಲ್ಲ, ನಿರ್ದೇಶಕರು ಹೇಳಿದ್ದೇ ಸರಿ ಇರಬೇಕು ಎಂದುಕೊಂಡು ಮಲಗಿದೆ.

ಮರುದಿನ ಶುಕ್ರವಾರ ಅನ್ನಪೂರ್ಣಾ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಮೂವತ್ತರ ಆಸುಪಾಸಿನವಳು, ಮಾತು ಕಡಿಮೆ, ಹೆಗಲಿಗೊಂದು ಬಟ್ಟೆಯ ಚೀಲ. ನಾವು ಹೋಗಬೇಕಾದ ಊರು ಸವಡಿ, ಜಕ್ಕಲಿಗಳ ಕಡೆಗೆ ಎಂದಷ್ಟೇ ಹೇಳುತ್ತೇನೆ. ದಾರಿಯಲ್ಲಿ ನರಗುಂದದ ನೆಗಡಿಯ ಕಥೆ ಹೇಳಿ ನಕ್ಕೆ. ಅವಳು ನಗಲಿಲ್ಲ.

"ಅವಂದೊಂದ ಖರೇ ಉತ್ತರರಿ," ಅಂದಳು. "ಉಳದವ್ರಿಗೆ ಜ್ವರಾ ಬಂದಿದ್ದಿಲ್ಲ, ಅದಕ್ಕ ಆರಾಮ ಅಂದ್ರು."

ನಮ್ಮ ಕಡೆ ಆರಾಮ ಇಲ್ಲ ಅಂದರೆ ಮೈಗೆ ಹುಷಾರಿಲ್ಲ, ದವಾಖಾನೆಗೆ ಹೋಗಬೇಕು ಎಂದು ಅರ್ಥ. ಹುಟ್ಟಿದಾಗಿನಿಂದ ಆಡುತ್ತಿರುವ ಮಾತು, ಅದರ ಅರ್ಥವನ್ನು ರೋಣದ ಬಸ್ಸಿನಲ್ಲಿ ಇನ್ನೊಬ್ಬರಿಂದ ಹೇಳಿಸಿಕೊಂಡೆ.

"ಪ್ರಶ್ನೆಯೊಳಗ ಆ ಮಾತು ಹ್ಯಾಂಗ ಬಂತು?" ಎಂದು ಕೇಳಿದೆ.

ಬೆಂಗಳೂರಿನಿಂದ ಬಂದ ಮೊದಲಿನ ಪ್ರಶ್ನೆಯಲ್ಲಿ 'ನಿಮ್ಮ ಯೋಗಕ್ಷೇಮ ಹೇಗಿದೆ' ಎಂದಿತ್ತಂತೆ. ಪ್ರಶ್ನೆ ಕೇಳಲು ಹೋದ ಇಲ್ಲಿನ ಹುಡುಗರು ಅದನ್ನೇ ಓದಿದರು. ಮಕ್ಕಳು, "ಯೋಗಾ ನಾವು ಶನಿವಾರ ಅಷ್ಟ ಮಾಡ್ತೀವ್ರಿ," ಅಂದರು. ಒಂದಿಡೀ ಶಾಲೆ ಹಾಗೇ ಉತ್ತರ ಕೊಟ್ಟ ಮೇಲೆ, ಪ್ರಶ್ನೆ ಕೇಳುವವರು ತಮ್ಮೊಳಗೇ ಮಾತಾಡಿಕೊಂಡು 'ಆರಾಮ' ಅಂತ ಬದಲಿಸಿದರು. ತಿಳಿಯುವ ಮಾತಿನಲ್ಲಿ ಕೇಳೋಣ ಎಂಬುದು ಅವರ ಒಳ್ಳೆಯ ಬುದ್ಧಿ. ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ ಎಂಬಂತೆ ಆಯಿತು.

ಊರಿನ ಶಾಲೆ ದಾರಿಯ ಪಕ್ಕದಲ್ಲೇ ಇತ್ತು. ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಅನ್ನಪೂರ್ಣಾ ಹಿಂದಿನ ಬೇವಿನ ಮರದ ಕೆಳಗೆ ಕುಳಿತಳು. ಮಕ್ಕಳು ಕರೆಯದೆಯೇ ಬಂದು ಸುತ್ತ ಕುಳಿತರು. ಅವಳು ಹೇಗಿದ್ದೀರಿ ಎಂದು ಯಾರನ್ನೂ ಕೇಳಲಿಲ್ಲ.

"ಇವತ್ತ ಏನ ಒಲ್ಲಿ?" ಎಂದು ಹತ್ತಿರದ ಹುಡುಗನನ್ನು ಕೇಳಿದಳು.

"ಬದನಿಕಾಯಿ ಒಲ್ಲೆ," ಅಂದ ಅವನು. ಎಲ್ಲರೂ ನಕ್ಕರು. ಅವಳೂ ನಕ್ಕು ಮುಂದಿನವನ ಕಡೆ ನೋಡಿದಳು.

"ಗಣಿತ ಒಲ್ಲೆರಿ."

"ಮನಿ ಕೀಲಿ ತಗಿಯೋದು ಒಲ್ಲೆ. ಒಳಗ ಯಾರೂ ಇರಂಗಿಲ್ಲ."

"ಪಂಚಮಿ ಹಬ್ಬ ಬರೋದು ಒಲ್ಲೆ."

"ಹಬ್ಬ ಯಾರರ ಒಲ್ಲೆ ಅಂತಾರೇನು?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಬಂದ್ರ ಮುಗಿತೈತಲ್ರಿ," ಅಂದ ಹುಡುಗ. "ಮುಗದ ಮರುದಿನ ಅಪ್ಪ ಅವ್ವ ಗೋವಾಕ್ಕ ಹೊಕ್ಕಾರ."

ಈ ಒಲ್ಲೆ ನಮ್ಮ ಕಡೆಯ ಮಕ್ಕಳು ಅವ್ವ ಅಪ್ಪ ಅನ್ನುವುದರ ಬೆನ್ನಿಗೇ ಕಲಿಯುವ ಮಾತು. ತುತ್ತು ಒಲ್ಲೆ, ಅಂಗಿ ಒಲ್ಲೆ, ನಿದ್ದೆ ಒಲ್ಲೆ. ಅದನ್ನು ಅನ್ನಲು ಯಾರಿಗೂ ನಾಚಿಕೆಯಿಲ್ಲ, ಯಾರೂ ಅದಕ್ಕೆ ದವಾಖಾನೆಗೆ ಒಯ್ಯುವುದಿಲ್ಲ. ನಾನು ಮರದ ಬುಡಕ್ಕೆ ಬೆನ್ನು ಕೊಟ್ಟು ಸುಮ್ಮನೆ ಕೇಳುತ್ತ ಕುಳಿತೆ.

ಎಲ್ಲರೂ ಎದ್ದುಹೋದ ಮೇಲೆ ಒಬ್ಬ ಹುಡುಗಿ ಉಳಿದಳು. ಅವಳಿಗೆ ಸುಮಿತ್ರಾ ಎಂದು ಹೆಸರಿಡುತ್ತೇನೆ. ಹತ್ತನೆಯ ತರಗತಿ. ಎಂಟನೆಯದರಲ್ಲಿ ಶಾಲೆಗೇ ಮೊದಲಿಗಳಾಗಿದ್ದವಳು ಈ ಸಲದ ಅರ್ಧವಾರ್ಷಿಕದಲ್ಲಿ ಎರಡು ವಿಷಯಗಳಲ್ಲಿ ನಪಾಸಾಗಿದ್ದಳು. ಅಪ್ಪ ಅವ್ವ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ, ಇವಳು ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ಚಿಕ್ಕಮ್ಮ ಕೆಟ್ಟವರೇನಲ್ಲ, ಊಟಕ್ಕೆ ಬಟ್ಟೆಗೆ ಕಡಿಮೆ ಮಾಡಿಲ್ಲ ಎಂದು ಅವಳೇ ಹೇಳಿದಳು. ಪುಸ್ತಕ ತೆಗೆದರೆ ಅಕ್ಷರ ಕಣ್ಣಿಗೆ ಕಾಣುತ್ತವೆ, ತಲೆಗೆ ಹೋಗುವುದಿಲ್ಲ ಅಂದಳು.

"ನಿನಗೇನ ಒಲ್ಲೆ ಅನಸ್ತೈತಿ, ಈ ಅಕ್ಕೋರಿಗೆ ಹೇಳ್ತಿಯೇನು?" ಎಂದು ಅನ್ನಪೂರ್ಣಾ ಕೇಳಿದಳು.

ಹುಡುಗಿ ನೆಲದ ಮೇಲೆ ಬಿದ್ದಿದ್ದ ಬೇವಿನ ಕಡ್ಡಿ ಮುರಿಯುತ್ತ ಕುಳಿತಿದ್ದಳು. "ಅವ್ವನ ಫೋನ ಒಲ್ಲೆರಿ," ಅಂದಳು.

ಅವ್ವ ಬೈಯುತ್ತಾಳೇನೋ ಎಂದುಕೊಂಡೆ. ಹಾಗೆಂದು ಕೇಳಿಯೂಬಿಟ್ಟೆ.

"ಇಲ್ರಿ. ಅಕಿ ಬೈಯಂಗಿಲ್ಲ. ಶನಿವಾರಕ್ಕೊಮ್ಮೆ ಫೋನ ಹಚ್ಚತಾಳ. ಹಚ್ಚಿದಾಕಿನ, ಆರಾಮ ಅದಿಯೇನವಾ ಅಂತ ಕೇಳತಾಳ. ನಾ ಆರಾಮ ಅನಬೇಕಲ್ರಿ."

"ಅನ್ನಲಿಲ್ಲಂದ್ರ?"

ಅವಳು ಇನ್ನೊಂದು ಕಡ್ಡಿ ಎತ್ತಿಕೊಂಡಳು. ಅನ್ನಪೂರ್ಣಾಳೇ ಹೇಳಿದಳು. ಹಿಂದಿನ ವರ್ಷ ಒಂದು ಶನಿವಾರ ಹುಡುಗಿ ತಡೆಯಲಾರದೆ, "ಅವ್ವಾ, ನನಗ ಆರಾಮ ಇಲ್ಲ," ಅಂದುಬಿಟ್ಟಿದ್ದಳು. ಮೈಯಲ್ಲಿ ಏನೂ ಇರಲಿಲ್ಲ. ಎದೆಯೊಳಗಿದ್ದುದಕ್ಕೆ ಅವಳಿಗೆ ಬೇರೆ ಮಾತು ಗೊತ್ತಿರಲಿಲ್ಲ. ಅವ್ವ ಕೇಳಿಸಿಕೊಂಡದ್ದು ಜ್ವರ. ಕೈಯಲ್ಲಿದ್ದ ಬುಟ್ಟಿ ಅಲ್ಲೇ ಇಟ್ಟು ಸಿಕ್ಕ ಬಸ್ಸು ಹತ್ತಿ ಬಂದಳು. ಬಂದವಳೇ ಮಗಳ ಹಣೆ ಮುಟ್ಟಿ ನೋಡಿದಳು, ತಣ್ಣಗಿತ್ತು. ಆದರೂ ಬಿಡದೆ ರೋಣದ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ನೋಡಿ, ಏನೂ ಇಲ್ಲ, ತಾಕತ್ತಿಗಿರಲಿ ಎಂದು ಒಂದು ಸೂಜಿ ಮಾಡಿದರು. ಅವ್ವ ಗೋವಾಕ್ಕೆ ಮರಳುವಷ್ಟರಲ್ಲಿ ಗುತ್ತಿಗೆಯವನು ಅವಳ ಜಾಗಕ್ಕೆ ಬೇರೊಬ್ಬಳನ್ನು ಹಚ್ಚಿಕೊಂಡಿದ್ದ. ಬೇರೆ ಕೆಲಸ ಸಿಗುವವರೆಗೆ ಗಂಡ ಹೆಂಡತಿ ಬಹಳ ತ್ರಾಸು ಪಟ್ಟರು.

"ಬಸ್ ಹತ್ತೋಮುಂದ ಅವ್ವ ಏನೂ ಅನಲಿಲ್ರಿ," ಅಂದಳು ಸುಮಿತ್ರಾ. "ಆರಾಮ ಇರವಾ, ಅಂದ್ಲು. ಅವಾಗಿಂದ ನಾ ಆರಾಮ ಅದೀನಿ."

ಇಷ್ಟು ವರ್ಷ ಈ ಕೆಲಸದಲ್ಲಿದ್ದರೂ ನನಗೆ ಅಳು ಬಂತು. ಮೂಗು ಒರೆಸುವ ನೆವದಲ್ಲಿ ಸೆರಗು ಹಿಡಿದುಕೊಂಡೆ.

ಅನ್ನಪೂರ್ಣಾ ಮತ್ತು ಹುಡುಗಿ ಸೇರಿ ಒಂದು ಯೋಚನೆ ಮಾಡಿದ್ದರು. ನಾಳೆ ಶನಿವಾರ ಅವ್ವನ ಫೋನು ಚಿಕ್ಕಪ್ಪನ ಮನೆಗೆ ಬರುವುದಿಲ್ಲ, ಅನ್ನಪೂರ್ಣಾಳ ಫೋನಿಗೆ ಬರುತ್ತದೆ. ಶಾಲೆಯ ಮೆಟ್ಟಿಲ ಮೇಲೆ ಇಬ್ಬರೂ ಕೂಡಿ ಕುಳಿತಿರುತ್ತಾರೆ. ಹುಡುಗಿ ಆರಾಮ ಎಂಬ ಮಾತನ್ನು ಬಾಯಿಗೇ ತರಬಾರದು. "ಅವ್ವಾ, ಒಬ್ಬಾಕಿನ ಇರೂದು ಒಲ್ಲೆ. ಪರೀಕ್ಷಾ ಮುಗಿಯೂತನ ನೀ ಇಲ್ಲೇ ಬಂದಿರು," ಎನ್ನಬೇಕು. ಮುಂದಿನದನ್ನು ಅವ್ವನಿಗೆ ಅನ್ನಪೂರ್ಣಾ ಬಿಡಿಸಿ ಹೇಳುತ್ತಾಳೆ. ಊರಲ್ಲೇ ಉಳ್ಳಾಗಡ್ಡಿಯ ಕೆಲಸ ಕೊಡಿಸಲು ಇಬ್ಬರು ಹೆಣ್ಣುಮಕ್ಕಳನ್ನು ಮಾತಾಡಿಸಿಯೂ ಇಟ್ಟಿದ್ದಳು. ಆದರೆ ಅದು ಒಂದು ಶನಿವಾರದ ಮಾತಲ್ಲ. ಪರೀಕ್ಷೆಯವರೆಗೂ ವಾರವಾರ ಆ ಹುಡುಗಿಯ ಬೆನ್ನಿಗೊಬ್ಬರು ಇರಬೇಕು.

"ಅಕ್ಕೋರು ಎಲ್ಲೂ ಹೋಗಂಗಿಲ್ಲಲ್ರಿ?" ಎಂದು ಸುಮಿತ್ರಾ ನನ್ನನ್ನು ಕೇಳಿದಳು. ಅನ್ನಪೂರ್ಣಾಳ ವರ್ಗದ ಸುದ್ದಿ ಊರಿಗೆ ನನಗಿಂತ ಮೊದಲೇ ಬಂದು ಮುಟ್ಟಿತ್ತು.

"ನಾ ಮ್ಯಾಲಿನವ್ರಿಗೆ ಹೇಳ್ತೀನವಾ," ಅಂದೆ. ನನ್ನ ಮಾತಿಗೆ ಬೆಲೆ ಇದೆ ಎಂದು ಆಗ ನಂಬಿದ್ದೆ.

ರೋಣಕ್ಕೆ ಮರಳುವಾಗ ಅನ್ನಪೂರ್ಣಾ ಒಂದೇ ಮಾತು ಹೇಳಿದಳು. "ಏನ ತೀರ್ಮಾನ ಆದ್ರೂ ನಾಳೆ ಆದ ಕೂಡಲೇ ಫೋನ ಮಾಡ್ರಿ. ನಾ ಇರೂದಿಲ್ಲಂದ್ರ, ನಾನ ಅಕಿಗೆ ಮೊದಲ ಹೇಳಬೇಕು. ಸುಳ್ಳ ಆಶಾ ಹಚ್ಚಿ ಫೋನ ಕೈಯಾಗ ಕೊಡಬಾರದು."

ಶನಿವಾರ ಬೆಳಗಿನ ಶಾಲೆ. ನಾನೊಬ್ಬಳೇ ರಾಜೂರಿನ ಕಡೆಯ ಒಂದು ಶಾಲೆಗೆ ಹೋಗಿ, ಅನ್ನಪೂರ್ಣಾಳ ಹಾಗೆ ನೆಲಕ್ಕೆ ಕುಳಿತು, ಏನ ಒಲ್ಲಿ ಎಂದು ಕೇಳಿದೆ. ಕುಳಿತ ಮೇಲೆ ಏಳುವುದಕ್ಕೆ ಮೊಣಕಾಲು ಒಲ್ಲೆ ಅಂದಿತು, ಇಬ್ಬರು ಹುಡುಗಿಯರು ಕೈ ಹಿಡಿದು ಎಬ್ಬಿಸಬೇಕಾಯಿತು. ಆದರೆ ಕೇಳಬೇಕಾದದ್ದನ್ನೆಲ್ಲ ಕೇಳಿದ್ದೆ. ಸಂಜೆ ಒಲ್ಲೆ, ಪಕ್ಕದ ಗೆಳತಿಯ ಜಾಗ ಖಾಲಿ ಇರುವುದು ಒಲ್ಲೆ, ಪಾಲಕರ ಸಭೆಗೆ ಮಾವ ಬರುವುದು ಒಲ್ಲೆ. ಹಿಂದಿನ ತಿಂಗಳು ಇದೇ ಮಕ್ಕಳು ಇದೇ ಗೋಡೆಗಳ ನಡುವೆ ಎಲ್ಲವೂ ಆರಾಮ ಎಂದು ಉತ್ತರ ಕೊಟ್ಟಿದ್ದರು.

ಗಜೇಂದ್ರಗಡಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. ಗುಡ್ಡದ ಮೇಲೆ ಗಾಳಿಯಂತ್ರಗಳು ಮೋಡದ ಅಂಚಿನಲ್ಲಿ ಮೆಲ್ಲಗೆ ತಿರುಗುತ್ತಿದ್ದವು. ಊಟ ಸೇರಲಿಲ್ಲ, ಚುರುಮುರಿಯ ಗಿರಮಿಟ್ ಕಟ್ಟಿಸಿಕೊಂಡು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ನಿರ್ದೇಶಕರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ನೆಗಡಿಯ ಹುಡುಗ, ಯೋಗಾ, ಆರಾಮ, ಒಲ್ಲೆ, ಸುಮಿತ್ರಾ. ಅವರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಸಹನೆಯ ಮನುಷ್ಯ.

"ತುಂಬ ಚೆನ್ನಾಗಿದೆ ಮೇಡಮ್," ಅಂದರು ಕೊನೆಗೆ. "ಇದನ್ನ ವರದಿಯ ಕೊನೆಯಲ್ಲಿ ಒಂದು ಟಿಪ್ಪಣಿಯಾಗಿ ಹಾಕೋಣ. ಆದ್ರೆ ಪ್ರಶ್ನೆ ಈಗ ಬದಲಾಯಿಸೋಕಾಗಲ್ಲ. ಬೇರೆ ಜಿಲ್ಲೆಗಳ ಜೊತೆ ಹೋಲಿಸೋದು ಹೇಗೆ?"

"ಮಕ್ಕಳು ಸುಖವಾಗಿಲ್ಲ ಸರ್," ಅಂದೆ.

"ಇರಬಹುದು ಮೇಡಮ್. ಆದರೆ ಅವರೇ ಹಾಗೆ ಹೇಳಿಲ್ಲವಲ್ಲ."

ಮುಂದಿನ ತಿಂಗಳಿನಿಂದ ಅನ್ನಪೂರ್ಣಾ ಬೇರೆ ಜಿಲ್ಲೆಗೆ. ತೀರ್ಮಾನ ಬೆಳಿಗ್ಗೆಯೇ ಆಗಿತ್ತಂತೆ. ಸಿಟ್ಟಿಗಿಂತ ಹೆಚ್ಚಾಗಿ ನನಗೆ ದಣಿವು ಬಂತು. ಗಿರಮಿಟ್ಟಿನ ಪೊಟ್ಟಣ ಹಾಗೇ ಮಡಚಿ ಚೀಲಕ್ಕೆ ಹಾಕಿದೆ. ಗದಗಿಗೆ ಹೋಗುವ ಬಸ್ಸು ಬಂತು. ಕಷ್ಟಪಟ್ಟು ಹತ್ತಿ ಸೊನ್ನೆಯ ಟಿಕೆಟ್ ತೆಗೆದುಕೊಂಡು ಕಿಟಕಿಯ ಬಳಿ ಕುಳಿತೆ. ಅವ್ವನ ಫೋನು ನಾಲ್ಕರ ಮೇಲೆ ಬರುತ್ತದೆ ಎಂದಿದ್ದರು, ಇನ್ನೂ ಮೂರು ಆಗಿತ್ತು. ತೀರ್ಮಾನ ತಿಳಿದ ಕೂಡಲೇ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಬಸ್ಸು ನಿಲ್ದಾಣದಿಂದ ಹೊರಗೆ ತಿರುಗುವಾಗ ಅನ್ನಪೂರ್ಣಾಳಿಗೆ ಫೋನ್ ಹಚ್ಚಿದೆ.

ಮೊದಲ ಗಂಟೆಗೇ ಯಾರೋ ಎತ್ತಿದರು. "ಅವ್ವಾ?"

ಸುಮಿತ್ರಾಳ ದನಿ. ಒಂದು ತಾಸು ಮೊದಲೇ ಬಂದು ಫೋನು ಕೈಯಲ್ಲಿ ಹಿಡಿದು ಕುಳಿತಿದ್ದಳು.

"ಅಲ್ಲವಾ. ನಾನು, ಹುಬ್ಬಳ್ಳಿ ಅಕ್ಕೋರು."

"ಹೌದ್ರಿ?" ಅಂದಳು. ದನಿ ಇಳಿದುಹೋಯಿತು. "ಅನ್ನಪೂರ್ಣಾ ಅಕ್ಕೋರು ನೀರು ತರಾಕ ಹೋಗ್ಯಾರ್ರಿ. ಬರ್ತಾರ ಈಗ."

ಅವಳು ಬರುವವರೆಗೆ ನಾನು ಏನಾದರೂ ಮಾತಾಡಬೇಕಿತ್ತು. ಸುದ್ದಿ ಹುಡುಗಿಗೆ ಹೇಳುವಂತಿರಲಿಲ್ಲ. ಹಿಂದೆ ಗಜೇಂದ್ರಗಡದ ಗುಡ್ಡ ಸರಿಯುತ್ತಿತ್ತು, ಗಾಳಿಯಂತ್ರಗಳು ಒಂದೊಂದಾಗಿ ಮರೆಯಾಗುತ್ತಿದ್ದವು. ಏನು ಕೇಳಬಾರದೆಂದು ಮೂರು ದಿನದಿಂದ ಕಲಿತಿದ್ದೆನೋ ಅದೇ ನನ್ನ ಬಾಯಿಂದ ಬಂದುಬಿಟ್ಟಿತು.

"ಆರಾಮ ಅದಿಯೇನವಾ?"

ಆ ಕಡೆ ಶಾಲೆಯ ಬೇವಿನ ಮರದ ಕಾಗೆಗಳ ಸದ್ದು ಕೇಳುತ್ತಿತ್ತು.

"ಆರಾಮ ಅದೀನ್ರಿ," ಅಂದಳು. ಆಮೇಲೆ, ದೊಡ್ಡವರನ್ನು ತಿರುಗಿ ಕೇಳಬೇಕಲ್ಲ, "ನೀವ್ರಿ?" ಅಂದಳು.

"ನಾನೂ ಆರಾಮ," ಅಂದೆ.